ಅಂಚೆಚೀಟಿಯ ಹಿಂದಿನ ಉಳಿ

ಸಗರನಾಡಿನ ಹಳೆಯ ಮನೆಗಳ ಪಡಸಾಲೆಯಲ್ಲಿ ಜಂತಿಗೆ ಇಳಿಬಿಟ್ಟ ಕೊಕ್ಕೆತಂತಿಯೊಂದು ಇರುತ್ತಿತ್ತು. ಬಂದ ಕಾಗದವನ್ನು ಒಬ್ಬರು ಓದಿ ಹೇಳುತ್ತಿದ್ದರು, ಉಳಿದವರು ಸುತ್ತ ಕೂತು ಕೇಳುತ್ತಿದ್ದರು. ಓದಿ ಮುಗಿದ ಮೇಲೆ ಕಾಗದವನ್ನು ಆ ತಂತಿಗೆ ಚುಚ್ಚುವುದು ವಾಡಿಕೆ. ಬೀಗರ ಕುಶಲ, ಹತ್ತಿಯ ಧಾರಣಿ, ತಹಸೀಲಿನ ತಗಾದೆ, ಸತ್ತವರ ಸುದ್ದಿ ಎಲ್ಲವೂ ಒಂದೇ ತಂತಿಯಲ್ಲಿ ತೂಗುತ್ತಿದ್ದವು. ತಂತಿ ತುಂಬಿದರೆ ಗಂಟು ಕಟ್ಟಿ ಟ್ರಂಕಿಗೆ ಹಾಕುತ್ತಿದ್ದರು. ಯಾದಗಿರಿ, ಶಹಾಪುರ, ಸುರಪುರದ ಕಡೆ ಹಳೆ ಮನೆ ಕೆಡವಿ ಹೊಸದು ಕಟ್ಟುವಾಗ ಇಂಥ ಗಂಟುಗಳು ಈಗಲೂ ಹೊರಗೆ ಬರುತ್ತವೆ.

ಆ ಲಕೋಟೆಗಳ ಮೂಲೆಯಲ್ಲಿ ಅಂಟಿರುವ ಚೀಟಿಯಲ್ಲಿ ಗಾಂಧಿಯೂ ಇಲ್ಲ, ಇಂಗ್ಲೆಂಡಿನ ರಾಜನ ತಲೆಯೂ ಇಲ್ಲ. ಒಂದರೊಳಗೊಂದು ಹೆಣೆದುಕೊಂಡ ಪಾರ್ಸಿ ಅಕ್ಷರಗಳು, ಸುತ್ತ ಬಳ್ಳಿಯ ಅಂಚು, ಪಕ್ಕದಲ್ಲಿ ಆಣೆಯ ಲೆಕ್ಕ. ‘ನಿಜಾಮನ ಕಾಲದ ತಿಕೀಟು’ ಎಂದು ಹಿರಿಯರು ಗುರುತು ಹಿಡಿಯುತ್ತಾರೆ. ಮಾತು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಆ ಚೀಟಿ ಇನ್ನೊಂದು ಕಾರಣಕ್ಕೂ ನಮ್ಮ ಗಮನಕ್ಕೆ ಬರಬೇಕು. ಅದು ಒಬ್ಬ ಕುಶಲಕರ್ಮಿ ಉಕ್ಕಿನ ತುಂಡಿನ ಮೇಲೆ, ಕೈಯಿಂದಲೇ, ಹಿಮ್ಮುಖವಾಗಿ ಕೊರೆದ ಕೆತ್ತನೆ. ನಂಬಿಕೆ ಬಾರದಿದ್ದರೆ ಬೆರಳ ತುದಿಯನ್ನು ಅದರ ಮೇಲೆ ಮೆಲ್ಲಗೆ ಆಡಿಸಿ. ಚೆನ್ನಾಗಿ ಉಳಿದುಕೊಂಡ ಚೀಟಿಯಾದರೆ ಶಾಯಿಯ ಗೆರೆ ಕಾಗದಕ್ಕಿಂತ ತುಸು ಉಬ್ಬಿರುವುದು ತಾಕುತ್ತದೆ.

ಎರಡು ಟಪಾಲು, ಎರಡು ನಾಣ್ಯ

ಸುರಪುರ ನಿಜಾಮರ ಕೈಗೆ ಬಂದದ್ದು ತಡವಾಗಿ. ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೋತು, ಸಂಸ್ಥಾನ ಬ್ರಿಟಿಷರ ವಶವಾಯಿತು. ಎರಡು ವರ್ಷದ ನಂತರ, 1860ರ ಒಪ್ಪಂದದಲ್ಲಿ, ಅದನ್ನು ಅವರು ಹೈದರಾಬಾದಿಗೆ ಬಿಟ್ಟುಕೊಟ್ಟರು. ಒಂಬತ್ತು ವರ್ಷ ಕಳೆದು 1869ರಲ್ಲಿ ಹೈದರಾಬಾದ್ ಸಂಸ್ಥಾನ ತನ್ನ ಮೊದಲ ಅಂಚೆಚೀಟಿ ತಂದಿತು. ಬೆಲೆ ಒಂದಾಣೆ, ಬಣ್ಣ ಕಂದಿದ ಹಸಿರು. ಅದೇ ವರ್ಷ ಮೀರ್ ಮಹಬೂಬ್ ಅಲಿ ಖಾನ್ ಪಟ್ಟಕ್ಕೆ ಬಂದಿದ್ದ. ಇನ್ನೂ ಮೂರು ತುಂಬದ ಮಗು. ರಾಜ್ಯದ ಕೆಲಸ ದಿವಾನ ಸಾಲಾರ್ ಜಂಗ್ ಕೈಯಲ್ಲಿತ್ತು.

ಅಲ್ಲಿಂದ ಮುಂದಿನ ಎಂಬತ್ತು ವರ್ಷ ನಮ್ಮ ಭಾಗದಲ್ಲಿ ಎರಡು ಟಪಾಲು ವ್ಯವಸ್ಥೆಗಳು ಒಟ್ಟಿಗೇ ನಡೆದವು. ನಿಜಾಮರ ಚೀಟಿಗೆ ಸಂಸ್ಥಾನದ ಗಡಿಯೊಳಗೆ ಮಾತ್ರ ಬೆಲೆ. ಸುರಪುರದಿಂದ ಗುಲಬರ್ಗಾಕ್ಕೆ, ಶಹಾಪುರದಿಂದ ರಾಯಚೂರಿಗೆ ಬರೆದರೆ ಅದು ಸಾಕು. ಹುಣಸಗಿಯ ಕಡೆಯಿಂದ ತಾಳಿಕೋಟೆಯ ನೆಂಟರಿಗೆ ಬರೆದರೆ ಸಾಲದು. ತಾಳಿಕೋಟೆ ವಿಜಾಪುರ ಜಿಲ್ಲೆಯದು, ವಿಜಾಪುರ ಮುಂಬಯಿ ಪ್ರಾಂತ್ಯದ್ದು. ಅಲ್ಲಿಗೆ ಬ್ರಿಟಿಷ್ ಇಂಡಿಯಾದ ಚೀಟಿಯೇ ಬೇಕು. ಎರಡೂ ಕಡೆ ಅದೇ ಕನ್ನಡ, ಅದೇ ಜಾತ್ರೆ, ಕೊಟ್ಟು ತಂದ ಸಂಬಂಧ. ಲಕೋಟೆಯ ಮೂಲೆಯಲ್ಲಿ ಮಾತ್ರ ಬೇರೆ ಬೇರೆ ಸರಕಾರ.

ರೊಕ್ಕವೂ ಹಾಗೆಯೇ. ಒಳಗೆ ನಿಜಾಮರ ಹಾಲಿ ಸಿಕ್ಕಾ, ಹೊರಗೆ ಕಲ್ದಾರ್ ರೂಪಾಯಿ. ಎರಡರ ಬೆಲೆ ಒಂದೇ ಅಲ್ಲ, ವಟ್ಟ ಕೊಟ್ಟು ಬದಲಿಸಿಕೊಳ್ಳಬೇಕಿತ್ತು.

1871ರ ಹೊತ್ತಿಗೆ ಮುಂಬಯಿಯಿಂದ ಬಂದ ರೈಲುಮಾರ್ಗ ರಾಯಚೂರಿನಲ್ಲಿ ಮದರಾಸಿನ ಮಾರ್ಗವನ್ನು ಕೂಡಿತು. ಅದು ಯಾದಗಿರಿಯನ್ನು ಹಾದುಹೋಯಿತು. ಶಹಾಪುರ, ಸುರಪುರಗಳು ಭೀಮೆಯ ಆಚೆ, ಭೀಮಾ ಕೃಷ್ಣೆಯರ ನಡುವಿನ ನೆಲದಲ್ಲಿ, ರೈಲಿನಿಂದ ದೂರವೇ ಉಳಿದವು. ಹೊಳೆ ತುಂಬಿದ ಮಳೆಗಾಲದಲ್ಲಿ ದಾಟುವುದೇ ಒಂದು ಪಾಡಾಗಿದ್ದ ಕಾಲವದು. ಅಂಥ ದಾರಿ ದಾಟಿ ಬಂದ ಕಾಗದವನ್ನು ಜನ ಜೋಪಾನವಾಗಿ ಇಟ್ಟದ್ದರಲ್ಲಿ ಆಶ್ಚರ್ಯವಿಲ್ಲ.

ಉಕ್ಕಿನಲ್ಲಿ ಹಿಮ್ಮುಖ ಬರಹ

ಈಗ ಕೆತ್ತನೆಯ ವಿಷಯಕ್ಕೆ ಬರುತ್ತೇನೆ. ಅಂಚೆಚೀಟಿ ಅಚ್ಚು ಹಾಕಲು ಹಲವು ದಾರಿಗಳಿವೆ. ಕಲ್ಲಚ್ಚು ಇದೆ, ಉಬ್ಬಚ್ಚು ಇದೆ, ಫೋಟೋ ತೆಗೆದು ಚುಕ್ಕೆಗಳಾಗಿ ಒಡೆದು ಮುದ್ರಿಸುವ ವಿಧಾನವಿದೆ. ಇವೆಲ್ಲವುಗಳಲ್ಲಿ ಅತಿ ಕಷ್ಟದ್ದು, ಅತಿ ಸೂಕ್ಷ್ಮವಾದದ್ದು ತಗ್ಗಚ್ಚು. ಹೈದರಾಬಾದಿನ ಚೀಟಿಗಳು ಬಹುತೇಕ ಈ ಬಗೆಯವು.

ಮೊದಲಿಗೆ ಮೆದು ಉಕ್ಕಿನ ಒಂದು ಸಣ್ಣ ತುಂಡು. ಮೇಲ್ಮೈಯನ್ನು ಕನ್ನಡಿಯ ಹಾಗೆ ಹೊಳೆಯುವವರೆಗೂ ತಿಕ್ಕಿರುತ್ತಾರೆ. ಚಿತ್ರ ಬರೆದುಕೊಟ್ಟ ಹಾಳೆಯ ಮೇಲೆ ಪಾರದರ್ಶಕ ಹಾಳೆಯಿಟ್ಟು ಅದರ ಗೆರೆಗಳನ್ನು ತೆಗೆದುಕೊಂಡು, ತಿರುವಿಹಾಕಿ, ಉಕ್ಕಿನ ಮೇಲೆ ಗುರುತು ಮಾಡುತ್ತಾರೆ. ಅಲ್ಲಿಂದ ಮುಂದೆ ಕೆಲಸ ಒಂದೇ ಹತಾರಿನದು. ಬುರಿನ್ ಎಂಬ ಗೇಣಿಗಿಂತ ಚಿಕ್ಕದಾದ ಉಳಿ, ಓರೆಯಾಗಿ ಸಾಣೆ ಹಿಡಿದ ಮೊನೆ, ಅಂಗೈಯಲ್ಲಿ ಕೂರುವ ದುಂಡನೆ ಮರದ ಹಿಡಿ. ಇದಕ್ಕೆ ಸುತ್ತಿಗೆ ಇಲ್ಲ. ಅಂಗೈಯ ಬಲದಿಂದ ನೇಗಿಲಿನ ಹಾಗೆ ಮುಂದಕ್ಕೆ ತಳ್ಳಬೇಕು. ಗೆರೆ ಬಾಗಬೇಕಾದರೆ ಬಲಗೈ ತಿರುಗುವುದಿಲ್ಲ, ಎಡಗೈ ಉಕ್ಕಿನ ತುಂಡನ್ನೇ ತಿರುಗಿಸುತ್ತದೆ. ಉಳಿಯ ಮುಂದೆ ಕೂದಲಿನಷ್ಟು ತೆಳ್ಳಗಿನ ಲೋಹದ ಎಳೆ ಸುರುಳಿಯಾಗಿ ಏಳುತ್ತಾ ಹೋಗುತ್ತದೆ. ಕಣ್ಣಿಗೆ ಭೂತಗನ್ನಡಿ, ಉಸಿರು ಹಿಡಿತದಲ್ಲಿ.

ಆಳ ಹೆಚ್ಚಾದರೆ ಗೆರೆ ಕಪ್ಪು, ಕಡಿಮೆಯಾದರೆ ತೆಳು. ಒಂದೇ ಬಣ್ಣದ ಶಾಯಿಯಲ್ಲಿ ನೆರಳು ಬೆಳಕು ಎರಡೂ ಬರಬೇಕೆಂದರೆ ಗೆರೆಗಳ ಅಂತರ, ದಪ್ಪ, ಒಂದನ್ನೊಂದು ಕತ್ತರಿಸುವ ಕೋನ ಇವುಗಳಲ್ಲೇ ಎಲ್ಲವನ್ನೂ ಸಾಧಿಸಬೇಕು. ಕೈ ಜಾರಿದರೆ ಅಳಿಸಲಾಗುವುದಿಲ್ಲ. ಹಿಂದಿನಿಂದ ತಟ್ಟಿ, ಮುಂದೆ ಉಜ್ಜಿ, ಆ ಜಾಗವನ್ನು ಮಟ್ಟಮಾಡಿ ಮತ್ತೆ ಕೊರೆಯಬೇಕು. ಇಂಥ ಒಂದು ಚಿತ್ರಕ್ಕೆ ವಾರಗಟ್ಟಲೆ ಹಿಡಿಯುತ್ತದೆ.

ನಿಜಾಮರ ಚೀಟಿಯನ್ನು ಕೊರೆದವರಿಗೆ ಇನ್ನೊಂದು ಕಷ್ಟವಿತ್ತು. ಮುದ್ರಣದಲ್ಲಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಬಲದಿಂದ ಎಡಕ್ಕೆ ಓಡುವ ಪಾರ್ಸಿ ಲಿಪಿ ಉಕ್ಕಿನ ಮೇಲೆ ಎಡದಿಂದ ಬಲಕ್ಕೆ ಓಡಬೇಕು. ಅದರ ಬಳುಕು, ಎಲ್ಲಿ ದಪ್ಪ ಎಲ್ಲಿ ಸಣ್ಣ ಎಂಬ ಕಲಂ ಹಿಡಿದವರ ಲೆಕ್ಕ, ಚುಕ್ಕೆಗಳ ಜಾಗ ಒಂದೂ ತಪ್ಪುವ ಹಾಗಿಲ್ಲ. ಚುಕ್ಕೆ ಅತ್ತಿತ್ತ ಆದರೆ ಅಕ್ಷರವೇ ಬೇರೆ. ಹೈದರಾಬಾದಿನ ಚೀಟಿಗಳಲ್ಲಿ ನಿಜಾಮರ ಮುಖವಿಲ್ಲ. ಮುಖ ಇರಬೇಕಾದ ನಡುವಿನ ಜಾಗದಲ್ಲಿ ಅಕ್ಷರವೇ ಕೂತಿದೆ. ಹಾಗಾಗಿ ಕೆತ್ತನೆಗಾರನ ಪೂರ್ತಿ ಪರೀಕ್ಷೆ ಆಗುತ್ತಿದ್ದದ್ದು ಆ ಕೆಲವು ಗೆರೆಗಳಲ್ಲಿ. ರಾಜನ ತಲೆ ಕೊರೆಯುವುದಕ್ಕಿಂತ ಇದು ಸುಲಭ ಎಂದು ನನಗೆ ಅನ್ನಿಸುವುದಿಲ್ಲ.

ಕೊರೆದು ಮುಗಿದ ಉಕ್ಕಿನ ತುಂಡನ್ನು ಕಾಯಿಸಿ, ತಣಿಸಿ, ಗಡಸು ಮಾಡುತ್ತಾರೆ. ಅದರ ಮೇಲೆ ಮೆದು ಉಕ್ಕಿನ ಉರುಳೆಯನ್ನು ಭಾರೀ ಒತ್ತಡದಲ್ಲಿ ಹಿಂದೆ ಮುಂದೆ ಉರುಳಿಸಿದರೆ, ತಗ್ಗಿನ ಗೆರೆ ಉರುಳೆಯ ಮೇಲೆ ಉಬ್ಬಾಗಿ ಮೂಡುತ್ತದೆ. ಆ ಉರುಳೆಯನ್ನೂ ಗಡಸು ಮಾಡಿ, ದೊಡ್ಡ ಫಲಕದ ಮೇಲೆ ಸಾಲಾಗಿ ಒತ್ತುತ್ತಾ ಹೋದರೆ ಒಂದೇ ಕೆತ್ತನೆ ನೂರಾರು ಸಲ ಅಚ್ಚೊತ್ತುತ್ತದೆ. ಅಮೆರಿಕದ ಜೇಕಬ್ ಪರ್ಕಿನ್ಸ್ ಬೆಳೆಸಿ ಲಂಡನ್ನಿಗೆ ತಂದ ವಿದ್ಯೆ ಇದು. ಜಗತ್ತಿನ ಮೊದಲ ಅಂಚೆಚೀಟಿ, 1840ರ ಪೆನ್ನಿ ಬ್ಲ್ಯಾಕ್, ಹೀಗೆಯೇ ತಯಾರಾಯಿತು. ಚಾರ್ಲ್ಸ್ ಹೀತ್ ಮತ್ತು ಅವನ ಮಗ ಫ್ರೆಡರಿಕ್ ಅದರ ತಲೆಯನ್ನು ಕೊರೆದರು. ಒಂದು ಹಾಳೆಗೆ 240 ಚೀಟಿ. ಆಗ ಒಂದು ಪೌಂಡಿಗೆ 240 ಪೆನ್ನಿ, ಹಾಳೆ ಕೊಂಡರೆ ಸರಿಯಾಗಿ ಒಂದು ಪೌಂಡು.

ಫಲಕಕ್ಕೆ ಶಾಯಿ ಬಳಿದು ಮೇಲ್ಭಾಗವನ್ನು ಒರೆಸಿದರೆ ಗೆರೆಗಳ ತಗ್ಗಿನಲ್ಲಿ ಮಾತ್ರ ಶಾಯಿ ಉಳಿಯುತ್ತದೆ. ತೇವ ಮಾಡಿದ ಕಾಗದವನ್ನು ಅದರ ಮೇಲಿಟ್ಟು ಒತ್ತಿದಾಗ ಕಾಗದ ತಗ್ಗಿಗಿಳಿದು ಶಾಯಿಯನ್ನು ಎತ್ತಿಕೊಳ್ಳುತ್ತದೆ. ಬೆರಳಿಗೆ ತಾಕುವ ಉಬ್ಬು ಬರುವುದು ಹೀಗೆ. ಕಳ್ಳ ಚೀಟಿ ಮಾಡುವವರಿಗೆ ಇದನ್ನು ನಕಲು ಮಾಡುವುದು ಬಹಳ ಕಷ್ಟ. ಸರಕಾರಗಳು ಇಷ್ಟು ಖರ್ಚು ಮಾಡಿದ್ದು ಅಂದಕ್ಕಿಂತ ಹೆಚ್ಚಾಗಿ ಆ ಭಯಕ್ಕೆ. ನೋಟುಗಳಲ್ಲಿ ಈ ವಿಧಾನ ಇವತ್ತಿಗೂ ಉಳಿದಿರುವುದು ಅದೇ ಕಾರಣಕ್ಕೆ.

ಲಂಡನ್ನಿನ ಉಳಿ, ಹೈದರಾಬಾದಿನ ಉಳಿ

1869ರ ಒಂದಾಣೆ ಚೀಟಿಯ ಫಲಕ ಲಂಡನ್ನಿನ ನಿಸೆನ್ ಅಂಡ್ ಪಾರ್ಕರ್ ಕಂಪನಿಯದು. 1871ರಿಂದ ಬ್ರಾಡ್ಬರಿ ವಿಲ್ಕಿನ್ಸನ್ ಕಂಪನಿಯ ಕೆತ್ತನೆ. ಅರ್ಧಾಣೆಯಿಂದ ಹನ್ನೆರಡಾಣೆಯವರೆಗಿನ ಆ ಮಾಲೆ ಹತ್ತಿರ ಹತ್ತಿರ ನಾಲ್ಕು ದಶಕ ನಡೆಯಿತು. ಕಚೇರಿಯ ಕಾಗದಗಳಿಗೆ ಅದರ ಮೇಲೆಯೇ ಉರ್ದುವಿನಲ್ಲಿ ‘ಸರ್ಕಾರಿ’ ಎಂದು ಒತ್ತುತ್ತಿದ್ದರು. ತಹಸೀಲಿನಿಂದ ಪಟೇಲರಿಗೆ, ಪಟವಾರಿಗಳಿಗೆ ಬಂದ ಪತ್ರಗಳಲ್ಲಿ ಈ ಮುದ್ರೆಯನ್ನು ಹುಡುಕಬಹುದು.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಖುಸ್ರತ್ ಉಲ್ಲಾ ಎಂಬ ಹೆಸರು ಸೇರುತ್ತದೆ. ಸಂಸ್ಥಾನದ ಚೀಟಿಯ ಕೆತ್ತನೆಯಲ್ಲಿ ಲಂಡನ್ನಿನ ಕಂಪನಿಗಳ ಜೊತೆಗೆ ಈ ನೆಲದವನ ಹೆಸರೂ ಕಾಣುವ ಘಟ್ಟವದು. ಹಳೆ ಚೀಟಿಗಳ ಪಟ್ಟಿಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ ಹೆಸರು. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಅತಿ ಮುಖ್ಯವಾದ ಸಾಲು ಅದೇ.

1931ರಲ್ಲಿ ಚಿತ್ರಗಳು ಬಂದವು. ಚಾರ್‌ಮಿನಾರ್, ಹೈಕೋರ್ಟ್, ಉಸ್ಮಾನ್ ಸಾಗರ ಕೆರೆ, ಅಜಂತಾ ಗುಹೆಗಳ ಹೆಬ್ಬಾಗಿಲು, ದೌಲತಾಬಾದಿನ ವಿಜಯಸ್ತಂಭ. ಜೊತೆಗೆ ನಮ್ಮ ಬೀದರಿನ ಮಹಮೂದ್ ಗವಾನನ ಮದರಸಾ. ಫಲಕಗಳನ್ನು ಲಂಡನ್ನಿನ ಡಿ ಲಾ ರೂ ಕಂಪನಿ ಮಾಡಿಕೊಟ್ಟಿತು, ಅಚ್ಚು ಹೈದರಾಬಾದಿನ ಸ್ಟಾಂಪ್ ಕಚೇರಿಯಲ್ಲಿ ಆಯಿತು. 1472ರಲ್ಲಿ ಕಟ್ಟಿದ, ಹದಿನೇಳನೆಯ ಶತಮಾನದ ಕೊನೆಯಲ್ಲಿ ಮದ್ದಿನ ಸ್ಫೋಟಕ್ಕೆ ಅರ್ಧ ಒಡೆದ, ಬಣ್ಣದ ಹಂಚುಗಳು ಇನ್ನೂ ಅಲ್ಲಲ್ಲಿ ಅಂಟಿಕೊಂಡಿರುವ ಆ ಕಟ್ಟಡವನ್ನು ಒಂದೇ ಬಣ್ಣದ ಗೆರೆಗಳಲ್ಲಿ, ಬೆರಳುಗುರಿನ ಅಳತೆಗಿಂತ ತುಸು ದೊಡ್ಡ ಜಾಗದಲ್ಲಿ ಹಿಡಿದವರ ಹೆಸರು ಚೀಟಿಯ ಮೇಲಿಲ್ಲ. ಇಂದಿನ ಕರ್ನಾಟಕದ ನೆಲದ ಕಟ್ಟಡವೊಂದು ಸಂಸ್ಥಾನದ ಅಂಚೆಚೀಟಿಯಲ್ಲಿ ಕಾಣಿಸಿಕೊಂಡಿತ್ತು ಎಂಬುದನ್ನು ನಮ್ಮ ಶಾಲೆಗಳಲ್ಲಿ ಹೇಳುವವರೂ ಕಡಿಮೆ.

ಯಾರ ಹೆಸರು ಉಳಿಯಿತು

ಫ್ರಾನ್ಸಿನ ರೂಢಿ ಬೇರೆ. ಅಲ್ಲಿನ ಕೆತ್ತನೆಯ ಚೀಟಿಗಳನ್ನು ಭೂತಗನ್ನಡಿಯಲ್ಲಿ ನೋಡಿ. ಚಿತ್ರದ ಕೆಳಗಿನ ಬಿಳಿ ಅಂಚಿನಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಹೆಸರು ಇರುತ್ತದೆ. ಚಿತ್ರ ಬರೆದವರು ಯಾರು, ಕೊರೆದವರು ಯಾರು ಎಂಬುದು ಚೀಟಿಯ ಭಾಗವೇ. ಆಲ್ಬೇರ್ ಡೆಕಾರಿ ಇದಕ್ಕೆ ದೊಡ್ಡ ಉದಾಹರಣೆ. 1901ರಲ್ಲಿ ಹುಟ್ಟಿದ ಅವರು ಹದಿಹರೆಯದಲ್ಲೇ, 1919ರಲ್ಲಿ, ಕೆತ್ತನೆಗೆ ಕೊಡುವ ರೋಮ್ ಪ್ರಶಸ್ತಿ ಪಡೆದರು. 1935ರಲ್ಲಿ ಆರ್ಲ್ ಊರಿನ ಹಳೆಯ ಮಠದ ಕೈಸಾಲೆಯನ್ನು ಅಂಚೆಚೀಟಿಗೆ ಕೊರೆದರು. 1960ರ ಮಾರಿಯಾನ್ (ಫ್ರೆಂಚ್ ಗಣರಾಜ್ಯವನ್ನು ಸಂಕೇತಿಸುವ ಹೆಣ್ಣುಮುಖ), 1962ರ ಹುಂಜ ಎರಡೂ ಅವರವು. ಫ್ರಾನ್ಸಿನವೂ ಅದರ ವಸಾಹತುಗಳವೂ ಸೇರಿ ಐನೂರಕ್ಕೂ ಹೆಚ್ಚು ಚೀಟಿಗಳನ್ನು ಮಾಡಿ 1988ರಲ್ಲಿ ತೀರಿಕೊಂಡರು. ಅವರ ಸಮಕಾಲೀನ ಪಿಯರ್ ಗಾಂದೋನ್ ಇನ್ನೊಬ್ಬರು. ಅವರ ತಂದೆಯೂ ಕೆತ್ತನೆಗಾರ. ಮಹಾಯುದ್ಧ ಮುಗಿದ ವರ್ಷ, 1945ರಲ್ಲಿ, ಗಾಂದೋನ್ ತಮ್ಮ ಹೆಂಡತಿಯ ಮುಖವನ್ನೇ ಮಾದರಿಯಾಗಿಟ್ಟು ಕೊರೆದ ಮಾರಿಯಾನ್ ಅಲ್ಲಿನ ಮನೆಮನೆಯ ಕಾಗದದ ಮೇಲೆ ಬಂತು. ಆ ಚೀಟಿಗಳನ್ನು ಜನ ಇವತ್ತಿಗೂ ಕೆತ್ತಿದವರ ಹೆಸರಿನಿಂದಲೇ ಕರೆಯುತ್ತಾರೆ.

ಕೆತ್ತಿದವರು ಹೆಸರು ಬರೆದಿಡುವ ಪದ್ಧತಿ ನಮಗೇನೂ ಹೊಸದಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನದ ಕೊನೆಗೆ ಲಿಪಿಕಾರ ಚಪಡ ತನ್ನ ಹೆಸರು ಬಿಟ್ಟುಹೋಗಿ ಎರಡು ಸಾವಿರ ವರ್ಷಕ್ಕೂ ಮಿಗಿಲಾಯಿತು. ಬಳ್ಳಿಗಾವೆಯ ದಾಸೋಜ ಬೇಲೂರಿನ ಮದನಿಕೆಯರ ಪೀಠದಲ್ಲಿ, ಮಲ್ಲಿತಮ್ಮ ಹೊಯ್ಸಳರ ಹಲವು ಗುಡಿಗಳಲ್ಲಿ ಹೆಸರು ಕೆತ್ತಿದರು. ನಮ್ಮ ಭೀಮಾ ತೀರದ ಸನ್ನತಿಯಲ್ಲಿ ಅಶೋಕನ ಶಾಸನದ ಹಾಸುಗಲ್ಲು ದೇವರ ಪೀಠವಾಗಿ ಮರೆಯಲ್ಲಿತ್ತು. 1986ರಲ್ಲಿ ಕಾಳಿ ಗುಡಿಯ ಮಾಳಿಗೆ ಕುಸಿದಾಗ ಅದು ಬೆಳಕಿಗೆ ಬಂತು. ಅಕ್ಷರ ಕೊರೆದ ಕಲ್ಲು ನಮ್ಮ ಕಣ್ಣೆದುರೇ ಇದ್ದೂ ಕಾಣದೆ ಹೋಗಬಹುದು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ವಸಾಹತು ಕಾಲದಲ್ಲಿ ಈ ರೂಢಿ ತಪ್ಪಿತು. ಕೆಲಸ ಕಂಪನಿಯದಾಯಿತು, ಕಚೇರಿಯದಾಯಿತು. 1854ರಲ್ಲಿ ಕಲ್ಕತ್ತದ ಸರ್ವೆಯರ್ ಜನರಲ್ ಕಚೇರಿಯಲ್ಲಿ ಕ್ಯಾಪ್ಟನ್ ತುಯಿಲಿಯರ್ ಉಸ್ತುವಾರಿಯಲ್ಲಿ ಇಡೀ ಬ್ರಿಟಿಷ್ ಇಂಡಿಯಾದ ಚೀಟಿಗಳು ತಯಾರಾದವು. ಅರ್ಧಾಣೆ ಚೀಟಿಯ ಮೂಲವನ್ನು ತಾಮ್ರದ ಮೇಲೆ ಕೊರೆದವನು ಒಬ್ಬ ಭಾರತೀಯ ಕುಶಲಕರ್ಮಿ. ಇಂಗ್ಲಿಷ್ ದಾಖಲೆಗಳಲ್ಲಿ ಅವನು ‘ನ್ಯೂಮೆರೊದೀನ್’. ಮುನೀರುದ್ದೀನ್ ಇರಬೇಕು ಎಂದು ಈಗ ಓದುತ್ತಾರೆ. ಕೋಟಿಗಟ್ಟಲೆ ಜನರ ಕೈಗೆ ಹೋದ ಚಿತ್ರವನ್ನು ಕೊರೆದವನ ಹೆಸರನ್ನು ನೆಟ್ಟಗೆ ಬರೆದಿಡುವವರೂ ಇರಲಿಲ್ಲ. ತುಯಿಲಿಯರ್ ಹೆಸರಿಗೆ ಆ ಗತಿ ಬರಲಿಲ್ಲ. ಇದು ನನಗೆ ನೋವಿನ ಸಂಗತಿ.

ಸುರಪುರದವರಿಗೆ ಚೆನ್ನಾಗಿ ಗೊತ್ತಿರುವ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕೂಡ ಚಿತ್ರ ಬರೆಯುತ್ತಿದ್ದ. ಸುರಪುರಕ್ಕೆ ಬರುವ ಮೊದಲೇ, 1837ರಲ್ಲಿ, ಅವನ ದಖನ್ನಿನ ರೇಖಾಚಿತ್ರಗಳು ಲಂಡನ್ನಿನಲ್ಲಿ ಅಚ್ಚಾದವು. ಆದರೆ ಕಲ್ಲಚ್ಚಿನ ಮೇಲೆ ಅವನ್ನು ಮೂಡಿಸಿದವರು ಬೇರೆಯವರು. ಬರೆಯುವವರು ಒಬ್ಬರು, ಅಚ್ಚಿಗೆ ಇಳಿಸುವವರು ಇನ್ನೊಬ್ಬರು. ಎರಡನೆಯವರಿಗೆ ಬೆಳಕು ಬೀಳುವುದು ಅಪರೂಪ.

ಚೀಟಿ ನಿಂತ ದಿನ

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರವೂ ನಿಜಾಮರ ಚೀಟಿ ಒಂದೂವರೆ ವರ್ಷ ಓಡಿತು. 1950ರ ಏಪ್ರಿಲ್ 1ರಿಂದ ಅದರ ಜಾಗಕ್ಕೆ ಭಾರತ ಸರಕಾರದ ಚೀಟಿ ಬಂತು. ಆ ಹೊತ್ತಿಗೆ ಸ್ವತಂತ್ರ ಭಾರತದ 1949ರ ಮಾಲೆಯಲ್ಲಿ ಆರಾಣೆಯ ಚೀಟಿಗೆ ವಿಜಾಪುರದ ಗೋಲಗುಮ್ಮಟದ ಚಿತ್ರವಿತ್ತು. ಯಾವ ವಿಜಾಪುರಕ್ಕೆ ಬರೆಯಲು ಬೇರೆ ಸರಕಾರದ ಚೀಟಿ ಬೇಕಾಗಿತ್ತೋ ಅದೇ ಊರಿನ ಗುಮ್ಮಟ ಈಗ ಸುರಪುರದ ಟಪಾಲು ಕಚೇರಿಯಲ್ಲೂ ಸಿಗುವಂತಾಯಿತು.

ಕೈಕೆತ್ತನೆಯ ಕಾಲವೂ ಮೆಲ್ಲಗೆ ಸರಿಯುತ್ತಿತ್ತು. 1948ರ ಗಾಂಧಿ ಚೀಟಿಗಳು ಸ್ವಿಟ್ಜರ್ಲೆಂಡಿನ ಕೂರ್ವಾಸಿಯೆ ಮುದ್ರಣಾಲಯದಲ್ಲಿ ಫೋಟೋ ವಿಧಾನದಿಂದ ಅಚ್ಚಾದವು. ನಾಸಿಕದಲ್ಲಿ 1925ರಿಂದ ಇದ್ದ ಸರಕಾರಿ ಮುದ್ರಣಾಲಯವೂ ಆ ದಾರಿ ಹಿಡಿಯಿತು. ಬಣ್ಣ ಹೆಚ್ಚಿತು, ವೇಗ ಹೆಚ್ಚಿತು. ಬೆರಳಿಗೆ ಸಿಗುತ್ತಿದ್ದ ಗೆರೆ ಹೋಯಿತು.

ಟ್ರಂಕು ತೆರೆಯುವವರಿಗೆ

ಈ ಭಾಗ ಗುಲಬರ್ಗಾ ಜಿಲ್ಲೆಯೊಂದಿಗೆ 1956ರಲ್ಲಿ ಮೈಸೂರು ರಾಜ್ಯ ಸೇರಿತು, 2009ರ ಡಿಸೆಂಬರ್ 30ರಂದು ಯಾದಗಿರಿಯೇ ಜಿಲ್ಲೆಯಾಯಿತು. ಹೊಸ ಜಿಲ್ಲೆಗೆ ತನ್ನ ಹಳೆಯ ಕಾಗದಗಳ ಬಗ್ಗೆ ಕಾಳಜಿ ಬೇಕು. ಅದು ಕಚೇರಿಗಳಿಂದಲೇ ಆಗುವ ಕೆಲಸವಲ್ಲ, ನಮ್ಮ ಮನೆಗಳಿಂದಲೇ ಶುರುವಾಗಬೇಕು.

ಮೊದಲ ಮಾತು, ಚೀಟಿಯನ್ನು ಲಕೋಟೆಯಿಂದ ಕೀಳಬೇಡಿ, ಕತ್ತರಿಸಬೇಡಿ. ಬಿಡಿ ಚೀಟಿ ಎಲ್ಲೆಡೆ ಸಿಗುತ್ತದೆ. ಶಹಾಪುರದ ಅಥವಾ ಸುರಪುರದ ಅಂಚೆಮುದ್ರೆ ಅದರ ಮೇಲೆ ಬಿದ್ದಿದ್ದು, ವಿಳಾಸವೂ ಒಳಗಿನ ಕಾಗದವೂ ಜೊತೆಗಿದ್ದರೆ ಅದು ಆ ಊರಿನ ದಾಖಲೆ. ನೀರಿನಲ್ಲಿ ನೆನೆಸಬೇಡಿ, ಸೆಲ್ಲೋ ಟೇಪ್ ಅಂಟಿಸಬೇಡಿ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಅದು ಕಾಗದವನ್ನು ಶಾಶ್ವತವಾಗಿ ಕೆಡಿಸುತ್ತದೆ. ಮಡಿಕೆ ಬಿಡಿಸಿ, ಒಣ ಜಾಗದಲ್ಲಿ, ಬಿಳಿ ಹಾಳೆಯ ನಡುವೆ ಇಡಿ. ಯಾರು ಯಾರಿಗೆ ಬರೆದದ್ದು ಎಂಬುದನ್ನು ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಿ.

ತಾರೀಖಿನಲ್ಲಿ 1340, 1355 ಎಂಬಂಥ ವರ್ಷ ಕಂಡರೆ ಗಾಬರಿಯಾಗಬೇಡಿ. ಅದು ಹೈದರಾಬಾದಿನ ಫಸಲಿ ವರ್ಷ. 590 ಕೂಡಿಸಿದರೆ ನಮ್ಮ ಇಸವಿ ಹತ್ತಿರ ಹತ್ತಿರ ಸಿಗುತ್ತದೆ.

ಇನ್ನೊಂದು ಮಾತು ತುರ್ತಿನದು. ನಿಜಾಮರ ಕಾಲದ ಶಾಲೆಗಳಲ್ಲಿ ಉರ್ದು ಕಲಿತು, ಆ ಕೈಬರಹವನ್ನು ಸಲೀಸಾಗಿ ಓದುವ ಹಿರಿಯರು ಈಗ ಎಂಬತ್ತೈದು, ತೊಂಬತ್ತರ ಆಸುಪಾಸಿನಲ್ಲಿದ್ದಾರೆ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಅಂಥವರೊಬ್ಬರು ಇದ್ದರೆ, ಟ್ರಂಕಿನ ಗಂಟು ಬಿಚ್ಚಿ ಅವರ ಮುಂದಿಡಿ. ಅವರು ಓದುತ್ತಿರುವಾಗ ಮೊಬೈಲಿನಲ್ಲಿ ದನಿ ಹಿಡಿದುಕೊಳ್ಳಿ. ಇಟ್ಟುಕೊಳ್ಳಲು ಆಗದಿದ್ದರೆ ಹಳೆ ಪೇಪರಿನವರಿಗೆ ತೂಕಕ್ಕೆ ಹಾಕುವ ಮೊದಲು ರಾಜ್ಯ ಪತ್ರಾಗಾರ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ ಒಂದು ಮಾತು ತಿಳಿಸಿ. ಮುಂದಿನ ಬೇಸಿಗೆಗೆ ಎಂದು ಮುಂದೂಡದೆ, ಈ ಕೆಲಸವನ್ನು ಈ ತಿಂಗಳಲ್ಲೇ ಮಾಡಿ.